ಬಾಡಿಗೆ ಮನೆಯ ತೋಟ: ಮನೆ ಖಾಲಿ ಮಾಡುವ ದಿನದಿಂದ ಲೆಕ್ಕ ಹಾಕಿ

"ಬಾಡಿಗೆ ಮನೆ, ನಾಲ್ಕಡಿ ಅಗಲದ ಬಾಲ್ಕನಿ. ಏನು ಬೆಳೀಬಹುದು?" ಮುಂಗಾರು ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಹೇಳಿ ಸಾಕಾಗಿ, ಗೊತ್ತಿರುವುದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಸ್ವಂತ ಮನೆಯವರಿಗೆ ಹೇಳುವ ಸಲಹೆ ನಮಗೆ ಅರ್ಧಕ್ಕರ್ಧ ಹೊಂದುವುದಿಲ್ಲ. ಗಿಡ ಎಷ್ಟು ದೊಡ್ಡದಾಗುತ್ತದೆ ಎಂಬುದು ಅವರ ಚಿಂತೆ. ಅದನ್ನು ಮೂರು ಮಹಡಿ ಇಳಿಸಲು ಆಗುತ್ತದೆಯೇ, ನೆಲದಲ್ಲಿ ಕಲೆ ಉಳಿಯುತ್ತದೆಯೇ, ಅಡ್ವಾನ್ಸ್ ಪೂರ್ತಿ ಕೈಗೆ ಬರುತ್ತದೆಯೇ ಎಂಬುದು ನಮ್ಮ ಚಿಂತೆ. ಕರಾರು ಹನ್ನೊಂದು ತಿಂಗಳದ್ದು. ಹಾಗಾಗಿ ಕುಂಡ, ಮಣ್ಣು, ಗಿಡ, ಪ್ರತಿಯೊಂದನ್ನೂ ಮನೆ ಖಾಲಿ ಮಾಡುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡೇ ಆರಿಸಬೇಕು. ನಾನಿದನ್ನು ಕಲಿತದ್ದು ಕೈ ಸುಟ್ಟುಕೊಂಡ ಮೇಲೆ. ಮೊದಲ ಮನೆಯಲ್ಲಿ ಸಿಮೆಂಟ್ ಕುಂಡ ತಂದೆ, ಅಂಚಿನವರೆಗೆ ಕೆಮ್ಮಣ್ಣು ತುಂಬಿಸಿದೆ. ಬಿಡುವಾಗ ಒಂಬತ್ತರಲ್ಲಿ ಆರನ್ನು ಎತ್ತಲಾಗದೆ ಅಲ್ಲೇ ಬಿಟ್ಟು ಬಂದೆ. ಕೆಳಮನೆಯ ಸೀಲಿಂಗಿನಲ್ಲಿ ಕಾಣಿಸಿದ ತೇವದ ಲೆಕ್ಕ ಅಡ್ವಾನ್ಸಿನಲ್ಲಿ ಮುರಿಯಿತು. ತಪ್ಪು ನನ್ನದೇ.

ಕೆಳಗಿನದೆಲ್ಲ ಬೆಂಗಳೂರಿನ ಹವೆ, ಬೆಂಗಳೂರಿನ ಮನೆಗಳನ್ನು ನೋಡಿ ಬರೆದದ್ದು. ಬೇರೆ ಊರಿನವರಿಗೆ ಬೇಕಾದ ಬದಲಾವಣೆಯನ್ನು ಆರನೇ ಹಂತದ ಕೊನೆಯಲ್ಲಿ ಹೇಳಿದ್ದೇನೆ.

1. ಮೊದಲು ಕೇಳಿ, ಫೋಟೊ ತೆಗೆದಿಡಿ

ಒಂದು ಕುಂಡ ತರುವ ಮೊದಲೇ ಓನರ್ ಹತ್ತಿರ ಮಾತಾಡಿ. "ಗಾರ್ಡನ್ ಮಾಡ್ತೀವಿ" ಅಂದರೆ ಅವರ ಕಣ್ಣ ಮುಂದೆ ಸೋರುವ ಛಾವಣಿಯೇ ಬರುತ್ತದೆ. ಅದರ ಬದಲು ಹೀಗೆ ಕೇಳಿ ನೋಡಿ: "ಆಂಟಿ, ಟೆರೇಸ್ ಮೂಲೇಲಿ ಆರು ಕುಂಡ ಇಟ್ಕೊಳ್ಲಾ? ಸ್ಟ್ಯಾಂಡ್ ಮೇಲೇ ಇಡ್ತೀನಿ, ನೆಲಕ್ಕೆ ನೀರು ನಿಲ್ಲಲ್ಲ. ಸೊಪ್ಪು ಬಂದ್ರೆ ನಿಮಗೂ ಒಂದು ಕಟ್ಟು." ಸಂಖ್ಯೆ ಹೇಳಿ, ಜಾಗ ಹೇಳಿ, ನೀರಿನ ವಿಷಯ ನೀವೇ ಮೊದಲು ಎತ್ತಿ. ಒಪ್ಪಿದರೆ ಅದೇ ಮಾತನ್ನು ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಹಾಕಿಬಿಡಿ. ಎರಡು ವರ್ಷದ ಮೇಲೆ "ಯಾರು ಹೇಳಿದ್ದು ಇಡೋಕೆ?" ಎಂಬ ಪ್ರಶ್ನೆ ಬಂದಾಗ ಅದೇ ಉತ್ತರ.

ಅಪಾರ್ಟ್‌ಮೆಂಟ್ ಆದರೆ ಸಂಘದ ನಿಯಮ ಬೇರೆ ಇರುತ್ತದೆ. ಕಾರಿಡಾರ್, ಮೆಟ್ಟಿಲು, ಎಲ್ಲರ ಪಾಲಿನ ಟೆರೇಸ್ ಇವಕ್ಕೆ ಓನರ್ ಒಪ್ಪಿಗೆ ಮಾತ್ರ ಸಾಲದು.

ಆಮೇಲೆ ಖಾಲಿ ಬಾಲ್ಕನಿಯ ನೆಲ, ಗೋಡೆಯ ಬುಡ, ನೀರು ಹೋಗುವ ಕೊಳವೆಯ ಬಾಯಿ ಇವುಗಳ ಫೋಟೊ ತೆಗೆದಿಡಿ. ಬಿರುಕು, ಹಳೆಯ ಕಲೆ ಇದ್ದರೆ ಹತ್ತಿರದಿಂದ ಇನ್ನೊಂದು. ಕುಂಡ ಇಟ್ಟ ಮೇಲೆ ತೆಗೆದ ಫೋಟೊದಿಂದ ಪ್ರಯೋಜನವಿಲ್ಲ.

2. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಯಾವ ತಿಂಗಳಲ್ಲಿ?

ಬಹಳ ಜನ ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಒಂದು ಭಾನುವಾರ ಸೀಮೆಸುಣ್ಣ ಹಿಡಿದುಕೊಂಡು ಬೆಳಿಗ್ಗೆ 8, 10, ಮಧ್ಯಾಹ್ನ 12, 2, 4 ಗಂಟೆಗೆ ನೆಲದ ಮೇಲೆ ಬಿಸಿಲಿನ ಅಂಚನ್ನು ಗೆರೆ ಎಳೆದು ಗುರುತು ಮಾಡಿ. ಪಕ್ಕದಲ್ಲಿ ಗಂಟೆ ಬರೆಯಿರಿ. ಸಂಜೆ ನೋಡಿದರೆ ಯಾವ ಮೂಲೆಗೆ ಎಷ್ಟು ಗಂಟೆ ನೇರ ಬಿಸಿಲು ಸಿಕ್ಕಿತು ಎಂದು ಗೊತ್ತಾಗುತ್ತದೆ. ಆರು ಗಂಟೆಯ ಮೇಲೆ ಇದ್ದರೆ ಟೊಮೇಟೊ, ಮೆಣಸಿನಕಾಯಿ, ಬದನೆ, ಬೆಂಡೆ. ಮೂರರಿಂದ ಐದು ಗಂಟೆ ಇದ್ದರೆ ಸೊಪ್ಪುಗಳು. ಎರಡು ಗಂಟೆ ಮಾತ್ರ ಇದ್ದರೆ ಪುದೀನ, ಒಂದೆಲಗ, ದೊಡ್ಡಪತ್ರೆ. ಬಿಸಿಲೇ ಇಲ್ಲದಿದ್ದರೆ ತಿನ್ನುವ ಗಿಡದ ಆಸೆ ಬಿಡಿ, ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್ ಇಟ್ಟುಕೊಂಡು ಸುಖವಾಗಿರಿ.

ಆದರೆ ಒಂದು ದಿನದ ಗುರುತು ವರ್ಷವಿಡೀ ನಡೆಯುವುದಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಒಮ್ಮೆ, ಆಗಸ್ಟ್ 18ರ ಆಸುಪಾಸು ಇನ್ನೊಮ್ಮೆ ನಡುಮಧ್ಯಾಹ್ನ ಸೂರ್ಯ ನೆತ್ತಿಗೆ ಸರಿಯಾಗಿ ಬರುತ್ತಾನೆ. ಶೂನ್ಯ ನೆರಳಿನ ದಿನ ಎನ್ನುವುದು ಇದನ್ನೇ. ಈ ಎರಡು ದಿನಗಳ ನಡುವಿನ ಸುಮಾರು ನಾಲ್ಕು ತಿಂಗಳು ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಉತ್ತರದ ಮಗ್ಗುಲಲ್ಲೇ ಇರುತ್ತಾನೆ. ಅಂದರೆ ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿಗೆ ಮೇ, ಜೂನ್, ಜುಲೈನಲ್ಲಿ ನೇರ ಬಿಸಿಲೇ ಇಲ್ಲ! "ದಕ್ಷಿಣದ ಬಾಲ್ಕನಿ ತೋಟಕ್ಕೆ ಶ್ರೇಷ್ಠ" ಎಂದು ಹೊರದೇಶದ ವಿಡಿಯೊಗಳಲ್ಲಿ ಹೇಳುವುದು ಅವರ ಆಕಾಶಕ್ಕೆ ಸರಿ. ಜೂನ್‌ನಲ್ಲಿ ಹುರುಪಿನಿಂದ ಬೀಜ ಹಾಕಿ, ಸೊಪ್ಪು ಸಣಕಲಾಗಿ ಮಲಗಿತು ಎಂದು ದೂರುವವರಿಗೆ ನಾನು ಮೊದಲು ಕೇಳುವುದು ಬಾಲ್ಕನಿಯ ದಿಕ್ಕನ್ನು.

ಅದೇ ದಕ್ಷಿಣದ ಬಾಲ್ಕನಿಗೆ ಅಕ್ಟೋಬರಿನಿಂದ ಫೆಬ್ರವರಿವರೆಗೆ ಬಿಸಿಲಿನ ಸುಗ್ಗಿ. ಡಿಸೆಂಬರಿನಲ್ಲಿ ಸೂರ್ಯ ಓರೆಯಾಗಿ ಬರುವುದರಿಂದ ಮೇಲೆ ಸಜ್ಜೆ ಇದ್ದರೂ ಬಿಸಿಲು ಒಳಗೋಡೆಯವರೆಗೆ ಮುಟ್ಟುತ್ತದೆ. ಉತ್ತರದ ಬಾಲ್ಕನಿಯವರಿಗೆ ಇದು ತಿರುವುಮುರುವು: ಬೇಸಿಗೆ, ಮಳೆಗಾಲದಲ್ಲಿ ಬೆಳಿಗ್ಗೆ ಸಂಜೆ ಒಂದಿಷ್ಟು ಸಿಗುತ್ತದೆ, ಚಳಿಗಾಲದಲ್ಲಿ ಸೊನ್ನೆ. ಪೂರ್ವ ದಿಕ್ಕು ಸೊಪ್ಪಿಗೆ ಹೇಳಿಮಾಡಿಸಿದ್ದು. ಪಶ್ಚಿಮವಾದರೆ ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಮೂರು ಗಂಟೆ ಹೊತ್ತಿನ ಬಿಸಿಲಿಗೆ ಕೊತ್ತಂಬರಿ ಬೆಂದೇ ಹೋಗುತ್ತದೆ. ಮೆಣಸಿನಕಾಯಿ, ಬದನೆ, ದಾಸವಾಳ ತಡೆದುಕೊಳ್ಳುತ್ತವೆ.

ಇನ್ನು ಮೂವತ್ತು ನಲವತ್ತರ ಸೈಟಿನಲ್ಲಿ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಬೀದಿಯಾದರೆ ದಿಕ್ಕಿನ ಲೆಕ್ಕವೆಲ್ಲ ಪಕ್ಕದ ಮನೆಯ ಎತ್ತರಕ್ಕೆ ಸೋಲುತ್ತದೆ. ಆಗ ಸೀಮೆಸುಣ್ಣದ ಗೆರೆಯೇ ಪ್ರಮಾಣ.

3. ಭಾರ

ಟೆರೇಸ್ ಎಂದರೆ ಎಷ್ಟು ಬೇಕಾದರೂ ಹೊರುತ್ತದೆ, ಬಾಲ್ಕನಿ ಮಾತ್ರ ಬಡಕಲು ಎಂದು ಜನ ತಿಳಿದಿದ್ದಾರೆ. ಕಟ್ಟಡದ ಮೇಲಿನ ಭಾರವನ್ನು ಕುರಿತ ಭಾರತೀಯ ಮಾನಕ ಐಎಸ್ 875 ಹೇಳುವುದು ಬೇರೆ. ವಾಸದ ಮನೆಯ ಬಾಲ್ಕನಿಗೆ ಚದರ ಮೀಟರಿಗೆ ಸುಮಾರು 300 ಕೆ.ಜಿ., ಜನ ಹತ್ತಿ ಓಡಾಡುವ ಟೆರೇಸಿಗೆ ಸುಮಾರು 150 ಕೆ.ಜಿ. ಹಿಡಿದು ವಿನ್ಯಾಸ ಮಾಡಬೇಕು. ನಿಮ್ಮ ಮನೆಯನ್ನು ಹಾಗೆ ಲೆಕ್ಕ ಹಾಕಿಯೇ ಕಟ್ಟಿದ್ದಾರೆ ಎಂದು ನಂಬಲು ಆಧಾರವಿಲ್ಲ, ಅದರಲ್ಲೂ ಎರಡಂತಸ್ತಿಗೆಂದು ಶುರುವಾಗಿ ನಾಲ್ಕಕ್ಕೆ ನಿಂತ ಮನೆಯಾದರೆ.

ಈಗ ಕುಂಡದ ಕಡೆ ಬನ್ನಿ. ಹನ್ನೆರಡು ಇಂಚು ಅಗಲ, ಹನ್ನೆರಡು ಇಂಚು ಎತ್ತರದ ಗ್ರೋ ಬ್ಯಾಗ್, ಅಂದರೆ ಗಿಡ ಬೆಳೆಸುವ ಪ್ಲಾಸ್ಟಿಕ್ ಚೀಲ. ಎರಡು ಇಂಚು ಬಿಟ್ಟು ತುಂಬಿದರೆ ಹದಿನೇಳು, ಹದಿನೆಂಟು ಲೀಟರ್ ಹಿಡಿಯುತ್ತದೆ. ಬರೀ ಕೆಮ್ಮಣ್ಣು ತುಂಬಿ ನೀರು ಹಾಕಿದರೆ ಅದು 30 ಕೆ.ಜಿ. ಮುಟ್ಟುತ್ತದೆ. ಒಂದು ಚದರ ಮೀಟರಿನಲ್ಲಿ ಅಂಥ ಒಂಬತ್ತು ಚೀಲ ಒತ್ತಾಗಿ ಇಟ್ಟರೆ 270 ಕೆ.ಜಿ., ಟೆರೇಸಿನ ಮಿತಿಯ ಹತ್ತಿರ ಹತ್ತಿರ ಎರಡರಷ್ಟು. ಐದನೇ ಹಂತದಲ್ಲಿ ಹೇಳುವ ಹಗುರ ಮಿಶ್ರಣವಾದರೆ ಒಂದೊಂದು ಚೀಲ 18ರಿಂದ 20 ಕೆ.ಜಿ. ಬರುತ್ತದೆ. ಅದನ್ನೂ ಚದರ ಮೀಟರಿಗೆ ಐದಾರಕ್ಕಿಂತ ಹೆಚ್ಚು ಇಡಬೇಡಿ. ನಡುಮಧ್ಯೆ ಗುಡ್ಡೆ ಹಾಕುವ ಬದಲು ಗೋಡೆಯ ಮೇಲೆ, ತೊಲೆಯ ಮೇಲೆ ಭಾರ ಬೀಳುವಂತೆ ಅಂಚಿನುದ್ದಕ್ಕೂ ಸಾಲಾಗಿ ಇಡಿ.

ಒಂದು ಎಚ್ಚರಿಕೆ. ಬಾಲ್ಕನಿಯ ಕಂಬಿಗೆ ನೇತುಹಾಕುವ ಕುಂಡಗಳು ಒಳಮೈಗೇ ಇರಲಿ. ಹೊರಗೆ ನೇತು ಹಾಕಿದರೆ ನೋಡಲು ಚೆಂದ, ಆದರೆ ಗಾಳಿಮಳೆಗೆ ಕೊಕ್ಕೆ ಕಳಚಿಕೊಂಡರೆ ಕೆಳಗೆ ಯಾರ ತಲೆ ಇರುತ್ತದೋ ಗೊತ್ತಿಲ್ಲ. ಸಜ್ಜೆಯ ಮೇಲಂತೂ ಕುಂಡ ಇಡಲೇಬೇಡಿ.

4. ಕುಂಡ, ತೂತು, ತಟ್ಟೆ

ಬಾಡಿಗೆಯವರಿಗೆ ನನ್ನ ಮೊದಲ ಆಯ್ಕೆ ಹಳೆಯ ಪೇಂಟ್ ಬಕೆಟ್. ಇಪ್ಪತ್ತು ಲೀಟರಿನದು, ಹಿಡಿ ಇರುತ್ತದೆ, ಒಂದೇ ಕೈಯಲ್ಲಿ ಎತ್ತಬಹುದು. ಸುಣ್ಣಬಣ್ಣ ನಡೆಯುತ್ತಿರುವ ಮನೆಯಲ್ಲಿ ಕೇಳಿದರೆ ಸಿಗುತ್ತದೆ. ನೀರಿನಲ್ಲಿ ಕಲಸುವ ಪೇಂಟಿನದ್ದೇ ಆಗಲಿ, ಎಣ್ಣೆ ಪೇಂಟಿನದು ಬೇಡ. ಒಣಗಿದ ಪೇಂಟನ್ನು ಸಿಪ್ಪೆಯಂತೆ ಸುಲಿದು, ಉಜ್ಜಿ ತೊಳೆಯಿರಿ. ಎರಡನೆಯದು ಗ್ರೋ ಬ್ಯಾಗ್. ಕೊಳ್ಳುವಾಗ ಜಿಎಸ್ಎಂ ನೋಡಿ. ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ ಅದು, ಹೆಚ್ಚಾದಷ್ಟೂ ಚೀಲ ದಪ್ಪ. ತೆಳುವಾದದ್ದು ಒಂದು ಬೇಸಿಗೆಗೆ ಪುಡಿಪುಡಿಯಾಗಿ ಉದುರುತ್ತದೆ. ಸೊಪ್ಪಿಗೆ ಆರು ಇಂಚು ಆಳದ ಅಗಲವಾದ ಟ್ರೇ ಸಾಕು. ಮಣ್ಣಿನ ಕುಂಡ ಗಿಡಕ್ಕೆ ಹಿತ, ಆದರೆ ಸಾಗಿಸುವಾಗ ಒಡೆಯುತ್ತದೆ.

ಬಕೆಟ್ಟಿನ ತಳಕ್ಕೆ ಪೆನ್ಸಿಲ್ ಗಾತ್ರದ ಐದು ತೂತು ಬೇಕು. ಕಬ್ಬಿಣದ ಕಡ್ಡಿಯನ್ನು ಕಾಯಿಸಿ ಚುಚ್ಚಿದರೆ ಆಯಿತು. ಹೊಗೆ ಬರುತ್ತದೆ, ಹೊರಗೆ ಮಾಡಿ. ತೂತಿನ ಮೇಲೆ ಒಂದು ಹಿಡಿ ತೆಂಗಿನ ನಾರು ಇಟ್ಟರೆ ಮಣ್ಣು ಜಾರುವುದಿಲ್ಲ. ತಳದಲ್ಲಿ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮಣ್ಣಿನಲ್ಲಿರುವ ನೀರು ಜಲ್ಲಿಯ ಪದರ ಸಿಕ್ಕ ಕಡೆ ಕೆಳಗಿಳಿಯದೆ ಅದರ ಮೇಲೇ ತಡೆದು ನಿಲ್ಲುತ್ತದೆ. ಬೇರಿಗೆ ಸಿಗಬೇಕಾದ ಒಣ ಜಾಗ ಇನ್ನೂ ಕಡಿಮೆಯಾಗುತ್ತದೆ. ಭಾರ ಬೇರೆ.

ಕುಂಡವನ್ನು ಎಂದೂ ನೆಲಕ್ಕೆ ತಾಗಿಸಿ ಇಡಬೇಡಿ. ಎರಡು ಇಟ್ಟಿಗೆ ಅಥವಾ ಸ್ಟ್ಯಾಂಡ್ ಮೇಲಿಟ್ಟರೆ ಅಡಿಯಲ್ಲಿ ಗಾಳಿ ಆಡುತ್ತದೆ, ಕಸ ಗುಡಿಸಬಹುದು, ಕಲೆ ಕೂರುವುದಿಲ್ಲ. ಕೆಳಗೊಂದು ತಟ್ಟೆ ಇರಲಿ. ಕೆಳಮನೆಯವರು ಒಗೆದು ಹಾಕಿದ ಬಿಳಿ ಅಂಗಿಯ ಮೇಲೆ ನಿಮ್ಮ ಕುಂಡದ ಕಂದು ನೀರು ಒಂದು ಸಲ ತೊಟ್ಟಿಕ್ಕಿದರೆ ಸಾಕು, ತೋಟ ಅಲ್ಲಿಗೆ ಮುಗಿಯಿತು. ಆದರೆ ತಟ್ಟೆಯಲ್ಲಿ ನೀರು ನಿಲ್ಲಬಾರದು. ಡೆಂಗಿ ಹರಡುವ ಸೊಳ್ಳೆ ಇಂಥ ಚಮಚದಷ್ಟು ತಿಳಿನೀರಿನಲ್ಲೇ ಮೊಟ್ಟೆ ಇಡುವುದು. ಒಂದು ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನೂ ಗೊತ್ತುಮಾಡಿತು. ವಾರಕ್ಕೆರಡು ದಿನ ತಟ್ಟೆ ಚೆಲ್ಲಿ, ಒಳಮೈಯನ್ನು ಉಜ್ಜಿ. ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ.

5. ಮಣ್ಣು, ಅಂದರೆ ಮಿಶ್ರಣ

ಎರಡು ಪಾಲು ಕೋಕೋಪೀಟ್, ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ. ತೂಕದಲ್ಲಲ್ಲ, ಒಂದೇ ಬಕೆಟ್ಟಿನ ಅಳತೆಯಲ್ಲಿ. ಇಪ್ಪತ್ತು ಲೀಟರಿಗೆ ಎರಡು ಹಿಡಿ ಬೇವಿನ ಹಿಂಡಿ.

ಕೋಕೋಪೀಟ್ ಎಂದರೆ ತೆಂಗಿನ ನಾರಿನ ಪುಡಿ. ಇಟ್ಟಿಗೆಯಂತೆ ಒತ್ತಿ ಮಾರುತ್ತಾರೆ, ಐದು ಕೆ.ಜಿ. ಇಟ್ಟಿಗೆ ನೀರಿನಲ್ಲಿ ಬಿಟ್ಟರೆ ಅರವತ್ತು ಲೀಟರಿಗೂ ಹೆಚ್ಚು ಉಬ್ಬುತ್ತದೆ. ನೀರು ಹಿಡಿದಿಡುವುದರಲ್ಲಿ ಗಟ್ಟಿ, ಆದರೆ ಅದರಲ್ಲಿ ಗಿಡಕ್ಕೆ ಆಹಾರವಿಲ್ಲ. ಉಪ್ಪಿನಂಶವೂ ಇರುತ್ತದೆ. ಆದ್ದರಿಂದ ನೆನೆಸಿ, ಹಳೆಯ ಪಂಚೆಯಲ್ಲಿ ಹಿಂಡಿ, ಹೊಸ ನೀರು ಹಾಕಿ ಮತ್ತೊಮ್ಮೆ ಹಿಂಡಿ. ಮೊದಲ ನೀರು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ, ಎರಡನೆಯದು ತೆಳು ಚಹಾದಂತೆ. ಅಲ್ಲಿಗೆ ಸಾಕು. ಈ ಕೆಲಸ ಮಾಡುವಾಗ ಬಚ್ಚಲಿನ ಜಾಲರಿಗೆ ಬಟ್ಟೆ ಅಡ್ಡ ಇಡಿ. ನಾರು ಕೊಳವೆಗೆ ಹೋಗಿ ಕಟ್ಟಿಕೊಂಡರೆ ಪ್ಲಂಬರ್ ಖರ್ಚು ನಿಮ್ಮದೇ.

ಕೆಮ್ಮಣ್ಣನ್ನು ರಸ್ತೆ ಅಗೆದ ಗುಂಡಿಯಿಂದಲೋ ಕಟ್ಟಡದ ಜಾಗದಿಂದಲೋ ತರಬೇಡಿ, ಅದರಲ್ಲಿ ಸಿಮೆಂಟ್ ಇರುತ್ತದೆ. ಲಾಲ್‌ಬಾಗಿನ ಪಕ್ಕ ಸಿದ್ದಾಪುರದಲ್ಲಿ ಸಾಲಾಗಿ ನರ್ಸರಿಗಳಿವೆ. ಮಣ್ಣು, ಗೊಬ್ಬರ, ಹಿಂಡಿ ಎಲ್ಲ ಚೀಲದಲ್ಲಿ ಸಿಗುತ್ತದೆ. ಎರೆಗೊಬ್ಬರ ಕೊಳ್ಳುವಾಗ ಚೀಲ ಬಿಚ್ಚಿಸಿ ಮೂಸಿ ನೋಡಿ. ಮೊದಲ ಮಳೆಯ ವಾಸನೆ ಬಂದರೆ ಸರಿ, ಸಗಣಿಯದೋ ಕೊಳೆತದ್ದೋ ವಾಸನೆ ಬಂದರೆ ಅದಿನ್ನೂ ಮಾಗಿಲ್ಲ.

6. ಏನು ಹಾಕುವುದು, ಯಾವಾಗ ಹಾಕುವುದು

ಮೊದಲ ಮೂರು ತಿಂಗಳು ಸೊಪ್ಪು ಮಾತ್ರ. ಟೊಮೇಟೊದಿಂದ ಶುರುಮಾಡುವವರೇ ಜಾಸ್ತಿ, ಕೈಬಿಡುವವರೂ ಅವರೇ.

ಮೆಂತ್ಯ: ಅಡುಗೆಮನೆ ಡಬ್ಬಿಯ ಮೆಂತ್ಯವೇ ಸಾಕು. ರಾತ್ರಿ ನೆನೆಸಿ, ಬೆಳಿಗ್ಗೆ ಟ್ರೇಯಲ್ಲಿ ಒತ್ತಾಗಿ ಹರಡಿ, ಮೇಲೆ ಅರ್ಧ ಇಂಚು ಮಿಶ್ರಣ ಉದುರಿಸಿ. ಮೂರನೇ ದಿನ ಮೊಳಕೆ, ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಪಲ್ಯ.

ಕೊತ್ತಂಬರಿ: "ಬೀಜ ಹುಟ್ಟಲೇ ಇಲ್ಲ" ಎಂಬ ದೂರು ಬರುವುದು ಇದರದ್ದೇ. ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಲಟ್ಟಣಿಗೆಯಿಂದ ಹಗುರವಾಗಿ ಉರುಳಿಸಿ ಕಾಳು ಎರಡು ಹೋಳಾಗುವಂತೆ ಮಾಡಿ, ನೆನೆಸಿ ಹಾಕಿ. ಆಮೇಲೂ ಎಂಟು ಹತ್ತು ದಿನ ಕಾಯಬೇಕು. ಐದನೇ ದಿನ ಕೆದಕಿ ನೋಡಬೇಡಿ. ಮಾರ್ಚ್‌ನಿಂದ ಮೇವರೆಗೆ ಹಾಕಿದರೆ ಎಲೆ ಬಿಡುವ ಮೊದಲೇ ಹೂವಿಗೆ ಹೋಗುತ್ತದೆ.

ದಂಟು, ಹರಿವೆ: ಬೀಜ ಸಾಸಿವೆಗಿಂತ ಸಣ್ಣ. ಒಣ ಮರಳಿನಲ್ಲಿ ಬೆರೆಸಿ ಉದುರಿಸಿ. ರವೆ ಬೆರೆಸುವವರಿದ್ದಾರೆ, ಇರುವೆಗೆ ಔತಣ ಕೊಟ್ಟಂತೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ಸುಗುಣ' ಎಂಬ ಹರಿವೆ ತಳಿ ಕೊಯ್ದಷ್ಟೂ ಚಿಗುರುತ್ತದೆ, ಸಣ್ಣ ಜಾಗಕ್ಕೆ ಅದು ಸರಿ. ಬುಡಸಮೇತ ಕೀಳದೆ ಎರಡು ಇಂಚು ಬಿಟ್ಟು ಕತ್ತರಿಸಿ.

ಪುದೀನ: ಮಾರ್ಕೆಟ್ಟಿನ ಕಟ್ಟಿನಿಂದ ದಪ್ಪ ಕಡ್ಡಿ ನಾಲ್ಕು ಆರಿಸಿ, ಕೆಳಗಿನ ಎಲೆ ಕಿತ್ತು ಲೋಟದ ನೀರಿನಲ್ಲಿಡಿ. ವಾರ, ಹತ್ತು ದಿನಕ್ಕೆ ಬಿಳಿ ಬೇರು ಬರುತ್ತದೆ. ಅದಕ್ಕೇ ಒಂದು ಕುಂಡ ಕೊಡಿ, ಜೊತೆಯವರನ್ನು ಬದುಕಲು ಬಿಡುವುದಿಲ್ಲ. ದೊಡ್ಡಪತ್ರೆ, ಬಸಳೆ ಕೂಡ ಕಡ್ಡಿ ಚುಚ್ಚಿದರೆ ಬರುತ್ತವೆ. ಬಸಳೆಯನ್ನು ಕಂಬಿಗೆ ಹಬ್ಬಿಸಿದರೆ ನೆಲದಲ್ಲಿ ಒಂದೇ ಅಡಿ ಜಾಗ ಸಾಕು. ಮಳೆಗಾಲದ ನೆಗಡಿಗೆ ದೊಡ್ಡಪತ್ರೆ ತಂಬುಳಿ ಕೈಯಳತೆಯಲ್ಲೇ ಸಿಕ್ಕರೆ ಯಾರಿಗೆ ಬೇಡ?

ಸೊಪ್ಪು ಕೈಹಿಡಿದ ಮೇಲೆ ಮೆಣಸಿನಕಾಯಿ, ಬದನೆ, ಕೊನೆಗೆ ಟೊಮೇಟೊ. ಟೊಮೇಟೊಗೆ ಹನ್ನೆರಡು ಇಂಚಿನ ಚೀಲ, ಗಿಡ ಒಂದೇ, ಆಸರೆಗೆ ಕೋಲು. ಅದೇ ಹೆಸರಘಟ್ಟದ 'ಅರ್ಕಾ ರಕ್ಷಕ್' ಎಲೆಮುರುಟು, ದುಂಡಾಣು ಸೊರಗು, ಅಂಗಮಾರಿ ಈ ಮೂರು ರೋಗಗಳನ್ನು ತಡೆಯುವ ತಳಿ. ಅದು ಎಫ್1, ಅಂದರೆ ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ. ಅದರ ಹಣ್ಣಿನ ಬೀಜ ಎತ್ತಿಟ್ಟು ಮತ್ತೆ ಹಾಕಿದರೆ ಅದೇ ಗುಣ ಬರುವುದಿಲ್ಲ. ಪಪ್ಪಾಯಿ, ಮಾವು, ನುಗ್ಗೆ, ಸಿಹಿಗುಂಬಳ ಇವು ಹನ್ನೊಂದು ತಿಂಗಳ ಕರಾರಿನವರಿಗಲ್ಲ.

ಬೆಂಗಳೂರಿನಲ್ಲಿ ಶುರುಮಾಡಲು ಒಳ್ಳೆಯ ಕಾಲ ಎರಡು: ಜೂನ್, ಇಲ್ಲವೇ ದಸರಾ ಕಳೆದ ಮೇಲೆ. ದಕ್ಷಿಣದ ಬಾಲ್ಕನಿಯವರಿಗೆ ಎರಡನೆಯದೇ ಸರಿ. ಮಾರ್ಚ್‌ನಿಂದ ಮೇವರೆಗೆ ಟೆರೇಸಿನಲ್ಲಾದರೆ ಅರ್ಧ ಬಿಸಿಲು ತಡೆಯುವ ಹಸಿರು ಶೇಡ್ ನೆಟ್ ಕಟ್ಟಿ. ಗೋಡೆಗೆ ಮೊಳೆ ಹೊಡೆಯದೆ ಬಟ್ಟೆ ಒಣಹಾಕುವ ಕಂಬಿಗೇ ಕಟ್ಟಬಹುದು. ಕರಾವಳಿಯವರು ಜೂನ್‌ನಲ್ಲಿ ಹಾಕಲೇಬೇಡಿ, ಆ ಮಳೆಗೆ ಸೊಪ್ಪು ಕೊಳೆಯುತ್ತದೆ. ನವರಾತ್ರಿ ಹೊತ್ತಿಗೆ ಶುರುಮಾಡಿ ಮೇವರೆಗೆ ಬೆಳೆಯಿರಿ. ಕಲಬುರಗಿ, ರಾಯಚೂರು ಕಡೆಯವರು ಬೇಸಿಗೆಯಲ್ಲಿ ಟೆರೇಸ್ ಬಿಟ್ಟು ಪೂರ್ವದ ನೆರಳಿಗೆ ಇಳಿಸಿ.

7. ನೀರು

ಗಿಡ ಸಾಯುವುದು ನೀರಿಲ್ಲದೆ ಎಂದುಕೊಳ್ಳುತ್ತೇವೆ. ಮನೆ ಕುಂಡದಲ್ಲಿ ಸಾಯುವುದು ಬಹುಪಾಲು ಹೆಚ್ಚು ನೀರಿನಿಂದ. ಕೋಕೋಪೀಟ್ ಮೇಲೆ ಒಣಗಿ ತಿಳಿಬಣ್ಣಕ್ಕೆ ತಿರುಗಿದರೂ ಒಳಗೆ ಒದ್ದೆಯೇ ಇರುತ್ತದೆ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಚುಚ್ಚಿ ನೋಡಿ. ಒಣಗಿದ್ದರೆ ಹಾಕಿ, ತಣ್ಣಗೆ ತಾಗಿದರೆ ನಾಳೆ. ಮಳೆಗಾಲದಲ್ಲಿ ಮೂರು ದಿನ ನೀರೇ ಬೇಡದಿರಬಹುದು, ಏಪ್ರಿಲ್‌ನ ಟೆರೇಸಿನಲ್ಲಿ ದಿನಕ್ಕೆರಡು ಸಲ ಬೇಕಾಗಬಹುದು.

ಬಾಡಿಗೆ ಮನೆಯಲ್ಲಿ ನೀರಿನ ಬಿಲ್ಲು ಹಂಚಿಕೊಳ್ಳುವ ಪದ್ಧತಿ ಇರುವುದರಿಂದ ಪೈಪ್ ಹಿಡಿದು ನಿಂತರೆ ಎಲ್ಲರ ಕಣ್ಣೂ ನಿಮ್ಮ ಮೇಲೆ. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಹಾಕುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಿತ್ತು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಕೆಟ್ಟಿಗೆ ಸುರಿಯುತ್ತ ಬಂದರೆ ಎಂಟು ಹತ್ತು ಕುಂಡಕ್ಕೆ ಸಾಕಾಗುತ್ತದೆ. ಅಂದಂದೇ ಹಾಕಿ, ಮರುದಿನಕ್ಕೆ ನಾರುತ್ತದೆ. ಪಾತ್ರೆ ತೊಳೆದ ಸೋಪಿನ ನೀರು, ವಾಷಿಂಗ್ ಮಷೀನ್ ನೀರು ಬೇಡ. ಆರ್‌ಓ ಫಿಲ್ಟರ್ ಹೊರಚೆಲ್ಲುವ ವ್ಯರ್ಥ ನೀರಿನ ಬಗ್ಗೆ ಹುಷಾರು: ಅದರಲ್ಲಿ ಲವಣ ಒತ್ತಾಗಿರುತ್ತದೆ. ಬೋರ್‌ವೆಲ್ ನೀರಿನ ಮನೆಯಾದರೆ ಇನ್ನೂ ಹೆಚ್ಚು. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ.

8. ಗೊಬ್ಬರ

ಇಪ್ಪತ್ತು ದಿನಕ್ಕೊಮ್ಮೆ ಕುಂಡಕ್ಕೆ ಒಂದೆರಡು ಹಿಡಿ ಎರೆಗೊಬ್ಬರ, ಮೇಲ್ಮಣ್ಣು ಕೆದಕಿ ಬೆರೆಸಿ. ಅಷ್ಟೇ. ಕಡಲೆಕಾಯಿ ಹಿಂಡಿ ನೆನೆಸಿದ ನೀರು, ಜೀವಾಮೃತ ಇವು ಗಿಡಕ್ಕೆ ಒಳ್ಳೆಯವೇ, ಆದರೆ ಅವುಗಳ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳಬೇಕಾಗುತ್ತದೆ. ಕಡಲೆಕಾಯಿ ಹಿಂಡಿಯನ್ನು ಒಣಗಿದ್ದೇ ಹಾಕಿದರೆ ಇಲಿ, ಹೆಗ್ಗಣ ಬಂದು ಕುಂಡ ತೋಡುತ್ತವೆ. ಬಾಡಿಗೆ ಮನೆಗೆ ಬೇವಿನ ಹಿಂಡಿಯೇ ಕ್ಷೇಮ.

ಅಡುಗೆಮನೆಯ ಹಸಿಕಸದಿಂದ ಗೊಬ್ಬರ ಮಾಡುವ ಆಸೆಯಿದ್ದರೆ ಮುಚ್ಚಳವಿರುವ, ಪಕ್ಕದಲ್ಲಿ ಸಣ್ಣ ತೂತುಗಳಿರುವ ಬಕೆಟ್ ಒಂದು ಸಾಕು. ಒಂದು ಹಿಡಿ ಸಿಪ್ಪೆ ಹಾಕಿದರೆ ಎರಡು ಹಿಡಿ ಒಣ ಎಲೆ. ಈ ಲೆಕ್ಕ ತಪ್ಪಿದ ದಿನವೇ ನೊಣ, ನಾತ. ಫೆಬ್ರವರಿ, ಮಾರ್ಚ್‌ನಲ್ಲಿ ಬೀದಿಯ ಹೊಂಗೆ ಎಲೆ ಉದುರಿಸುವಾಗ ಎರಡು ಗೋಣಿಚೀಲ ತುಂಬಿಟ್ಟುಕೊಳ್ಳಿ, ವರ್ಷಕ್ಕೆ ಬರುತ್ತದೆ. ಫಿಲ್ಟರಿನ ಕಾಫಿ ಚರಟವೂ ಈ ಬಕೆಟ್ಟಿಗೇ ಹೋಗಲಿ, ನೇರ ಕುಂಡಕ್ಕೆ ಬೇಡ. ಮೇಲೆ ಹೆಪ್ಪುಗಟ್ಟಿ ನೀರು ಇಳಿಯಲು ಬಿಡುವುದಿಲ್ಲ.

9. ಹುಳ, ರೋಗ, ಪಾರಿವಾಳ

ಎಲೆಯ ಅಡಿಗೆ ಬಿಳಿ ಹತ್ತಿಯಂತೆ ಅಂಟಿದ್ದರೆ ಹಿಟ್ಟು ತಿಗಣೆ. ಚಿಗುರಿಗೆ ಸಾಸಿವೆ ಉದುರಿಸಿದಂತೆ ಇದ್ದರೆ ಹೇನು. ಎಲೆಯ ಮೇಲೆ ಬಿಳಿ ಗೆರೆ ಎಳೆದಿದ್ದರೆ ರಂಗೋಲಿ ಹುಳು. ಅದು ಎಲೆಯ ಒಳಗಿರುವುದರಿಂದ ಸಿಂಪಡಿಸಿ ಫಲವಿಲ್ಲ, ಆ ಎಲೆಯನ್ನೇ ಕಿತ್ತುಹಾಕಿ. ಉಳಿದವಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ. ಎಣ್ಣೆಗೆ ಮೊದಲು ಕೆಲವು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಆಮೇಲೆ ನೀರು ಸೇರಿಸಿ. ಇಲ್ಲದಿದ್ದರೆ ಎಣ್ಣೆ ಮೇಲೇ ತೇಲುತ್ತದೆ. ಬಿಸಿಲಿಳಿದ ಮೇಲೆ, ಎಲೆಯ ಅಡಿಗೂ ತಾಗುವಂತೆ, ವಾರಕ್ಕೊಮ್ಮೆ.

ಮೆಣಸಿನಗಿಡದ ಎಲೆ ಮುದುಡಿದಾಗ ಯಾವ ಕಡೆಗೆ ಮುದುಡಿದೆ ಎಂದು ನೋಡಿ. ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳು, ಬೋರಲು ಹಾಕಿದ ದೋಣಿಯಂತೆ ಕೆಳಕ್ಕೆ ಬಾಗಿದ್ದರೆ ಮೈಟ್ ನುಸಿ. ಟೊಮೇಟೊದ ಎಲೆಮುರುಟು ಬಿಳಿನೊಣ ಹರಡುವ ವೈರಸ್ಸು, ಮದ್ದಿಲ್ಲ. ಗಿಡ ಕಿತ್ತುಬಿಡಿ, ಮರುಕ ಬೇಡ.

ಪಾರಿವಾಳಕ್ಕೆ ಹಸಿ ಕೋಕೋಪೀಟಿನ ಟ್ರೇ ಎಂದರೆ ಹಾಸಿಗೆ. ಬೀಜ ಹಾಕಿದ ಟ್ರೇ ಮೇಲೆ ಮೊಳಕೆ ಎರಡು ಇಂಚು ಏಳುವವರೆಗೆ ತರಕಾರಿ ಬುಟ್ಟಿ ಕವಚಿಡಿ. ಇಡೀ ಬಾಲ್ಕನಿಗೆ ಬಲೆ ಹಾಕಿಸುವುದಾದರೆ ಗೋಡೆ ಕೊರೆಯಬೇಕಾಗುತ್ತದೆ, ಓನರನ್ನು ಕೇಳದೆ ಮಾಡಬೇಡಿ.

10. ಮನೆ ಬದಲಿಸುವಾಗ

ತಿಂಗಳ ಮೊದಲೇ ಹೊಸ ಬೀಜ ಹಾಕುವುದನ್ನು ನಿಲ್ಲಿಸಿ, ಇರುವ ಸೊಪ್ಪು ಕೊಯ್ದು ಮುಗಿಸಿ. ಖಾಲಿಯಾದ ಕುಂಡದ ಮಿಶ್ರಣವನ್ನು ಹಳೆಯ ಬೆಡ್‌ಶೀಟಿನ ಮೇಲೆ ಎರಡು ಮೂರು ದಿನ ಬಿಸಿಲಿಗೆ ಹರಡಿ ಒಣಗಿಸಿ ಚೀಲಕ್ಕೆ ತುಂಬಿ. ಒಣಗಿದರೆ ಭಾರ ಅರ್ಧಕ್ಕೆ ಇಳಿಯುತ್ತದೆ, ಬಕೆಟ್ಟುಗಳೂ ಒಂದರೊಳಗೊಂದು ಕೂರುತ್ತವೆ. ಹೊಸ ಮನೆಯಲ್ಲಿ ಕಾಲು ಪಾಲು ಎರೆಗೊಬ್ಬರ ಸೇರಿಸಿ ಮತ್ತೆ ಬಳಸಬಹುದು.

ಜೀವಂತ ಗಿಡಗಳಿಗೆ ಎರಡು ದಿನ ಮುಂಚೆಯೇ ನೀರು ನಿಲ್ಲಿಸಿ. ಕೊಂಬೆಯನ್ನು ಮೂರನೇ ಒಂದು ಭಾಗ ಕತ್ತರಿಸಿ, ಉಳಿದದ್ದನ್ನು ಹಳೆಯ ದುಪಟ್ಟಾದಿಂದ ಸಡಿಲವಾಗಿ ಸುತ್ತಿ. ಟಾಟಾ ಏಸ್‌ಗೆ ಕೊನೆಯಲ್ಲಿ ಏರಿಸಿ, ಮೊದಲು ಇಳಿಸಿ. ಬೀರುವಿನ ಪಕ್ಕ ಬೇಡ. ಪ್ಯಾಕರ್ಸ್‌ನವರಾದರೆ ಗಿಡ ಒಯ್ಯುತ್ತಾರೋ ಇಲ್ಲವೋ ಎಂದು ಬುಕ್ ಮಾಡುವಾಗಲೇ ಕೇಳಿ, ಬಹಳಷ್ಟು ಜನ ಒಲ್ಲೆ ಎನ್ನುತ್ತಾರೆ. ಹೊಸ ಮನೆಯಲ್ಲಿ ಒಂದು ವಾರ ನೆರಳಿನಲ್ಲಿಡಿ. ಎಲೆ ಉದುರಿದರೆ ಗಾಬರಿಯಾಗಿ ಗೊಬ್ಬರ ಸುರಿಯಬೇಡಿ.

ಕುಂಡ ಎತ್ತಿದ ಜಾಗದಲ್ಲಿ ಬಿಳಿ ಉಂಗುರದಂಥ ಕಲೆ ಕಂಡರೆ ಅದು ಗಡಸು ನೀರಿನ ಲವಣ. ಸೆರಾಮಿಕ್ ಟೈಲ್ಸ್ ಆದರೆ ವಿನಿಗರ್ ಅಥವಾ ನಿಂಬೆರಸ ಹತ್ತು ನಿಮಿಷ ಬಿಟ್ಟು ಉಜ್ಜಿ. ಮೊಸಾಯಿಕ್, ಮಾರ್ಬಲ್ ಆದರೆ ಹುಳಿ ತಾಗಿಸಲೇಬಾರದು, ಹೊಳಪು ತಿಂದುಬಿಡುತ್ತದೆ. ಅಲ್ಲಿ ಬರೀ ಸೋಪಿನ ನೀರು, ಬ್ರಶ್ಶು. ಉಜ್ಜಿ ಒಣಗಿದ ಮೇಲೆ, ಮೊದಲ ದಿನ ನಿಂತಲ್ಲೇ ನಿಂತು ಅದೇ ಕೋನದಲ್ಲಿ ಫೋಟೊ ತೆಗೆದು, ಎರಡನ್ನೂ ಒಟ್ಟಿಗೆ ಓನರಿಗೆ ಕಳಿಸಿ. ಕೀಲಿ ಕೊಡುವುದು ಆಮೇಲೆ.

ಅಂಗಳದ ಮಣ್ಣಿನಲ್ಲಿ ಕರಿಬೇವು ನೆಟ್ಟಿದ್ದರೆ ಅದನ್ನು ಅಗೆಯುವ ಗೋಜಿಗೆ ಹೋಗಬೇಡಿ. ತಾಯಿಬೇರು ತುಂಡಾದರೆ ಇಲ್ಲಿಗೂ ಇಲ್ಲ, ಅಲ್ಲಿಗೂ ಇಲ್ಲ. ಬುಡದ ಸುತ್ತ ಎದ್ದಿರುವ ಮರಿಗಳಲ್ಲಿ ಗೇಣುದ್ದದ್ದೊಂದನ್ನು ಬೇರು, ಮಣ್ಣಿನ ಸಮೇತ ಎಬ್ಬಿಸಿ ಹಾಲಿನ ಕವರಿನಲ್ಲಿ ಕೂರಿಸಿಕೊಳ್ಳಿ. ಅದಕ್ಕೆ ಟಾಟಾ ಏಸ್ ಬೇಡ, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೋಗಬಹುದು.